ಬ್ಲೂಬೆರಿ ಎಲೆ ಹಳದಿಯಾದರೆ ಮೊದಲು ನೀರು ನೋಡಿ

ಪ್ರಶ್ನೆ: ಅಕ್ಕಾ, ನಾವು ಧಾರವಾಡದ ಕಡೆಯವರು. ಪುಣೆಯ ವಾಕಡ್‌ನಲ್ಲಿ ಏಳನೇ ಮಹಡಿಯಲ್ಲಿದ್ದೇವೆ. ದೀಪಾವಳಿಗೆ ಒಂದು ಬ್ಲೂಬೆರಿ ಗಿಡ ತಂದು ಕೆಂಪು ಮಣ್ಣು, ಸೆಗಣಿ ಗೊಬ್ಬರ ಹಾಕಿ ಕುಂಡದಲ್ಲಿ ನೆಟ್ಟೆ. ಈಗ ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು. ಮೊಟ್ಟೆ ಸಿಪ್ಪೆಯ ಪುಡಿ ಹಾಕಿದ ಮೇಲೆ ಇನ್ನೂ ಕೆಟ್ಟಿತು. ನೀರು ಟ್ಯಾಂಕರಿನದ್ದು. ಹಣ್ಣು ಯಾವಾಗ ಅಂತ ಮಗಳು ದಿನಾ ಕೇಳುತ್ತಾಳೆ. ಏನು ಮಾಡಲಿ?
– ಓದುಗರೊಬ್ಬರು, ವಾಕಡ್

ಉತ್ತರ: ಟ್ಯಾಂಕರ್ ಅಂತ ಓದಿದ ಕೂಡಲೇ ಕೋಥ್ರೂಡ್‌ನ ನಮ್ಮ ತಾರಸಿ ನೆನಪಾಯಿತು. ನನ್ನ ಮೊದಲ ಗಿಡ ಹೋಗಿದ್ದೂ ಹೀಗೇ. ಬೋರ್‌ವೆಲ್ ನೀರು ಹಾಕುತ್ತಿದ್ದೆ. ಕುಂಡದ ಅಂಚಿಗೆ ಬಿಳಿ ಪದರ ಕಟ್ಟಿತ್ತು, ಸುಣ್ಣದ್ದು. ನಾನು ಅದನ್ನು ಗಮನಿಸಲೇ ಇಲ್ಲ. ಗಿಡಕ್ಕೆ ಹಸಿವಾಗಿದೆ ಅಂದುಕೊಂಡು ಗೊಬ್ಬರ ಸುರಿದೆ.

ಅದು ಹಸಿವಲ್ಲ. ಬ್ಲೂಬೆರಿಗೆ ಹುಳಿ ಮಣ್ಣು ಬೇಕು, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.5ರಿಂದ 5.5ರೊಳಗೆ. ಸುಣ್ಣ ಜಾಸ್ತಿಯಾದರೆ ಹುಳಿ ಕಡಿಮೆಯಾಗಿ, ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರು ಅದನ್ನು ಎಳೆದುಕೊಳ್ಳಲಾರದು. ಆಗಲೇ ನರ ಹಸಿರು, ಉಳಿದದ್ದು ಹಳದಿ. ಮೊಟ್ಟೆ ಸಿಪ್ಪೆ ಅಂದರೆ ಸುಣ್ಣವೇ ಅಲ್ವಾ? ಒಲೆ ಬೂದಿಯೂ ಬೇಡ. ನೀವು ಬೇಜಾರು ಮಾಡಿಕೊಳ್ಳಬೇಡಿ. ಕಾಡಿನ ಈ ಗಿಡವನ್ನು ಅಮೆರಿಕದವರಿಗೂ ತೋಟಕ್ಕೆ ತರಲು ಬಹಳ ಕಾಲ ಸಾಧ್ಯವಾಗಿರಲಿಲ್ಲ. ಅದಕ್ಕೆ ಹುಳಿ ಮಣ್ಣೇ ಬೇಕು ಅಂತ ಫ್ರೆಡರಿಕ್ ಕೋವಿಲ್ ಎಂಬ ವಿಜ್ಞಾನಿ 1910ರಲ್ಲಿ ತೋರಿಸಿಕೊಟ್ಟರು. ಆಮೇಲೆ ಅವರೂ ನ್ಯೂಜೆರ್ಸಿಯ ಎಲಿಜಬೆತ್ ವೈಟ್ ಎಂಬ ಹೆಣ್ಣುಮಗಳೂ ಸೇರಿ ಬೆಳೆದ ಹಣ್ಣು 1916ರಲ್ಲಿ ಮಾರುಕಟ್ಟೆಗೆ ಬಂತು.

ಈಗ ಗಿಡವನ್ನು ಸಂಜೆ ಹೊತ್ತು ಮೆಲ್ಲಗೆ ಹೊರಗೆ ತೆಗೆಯಿರಿ. ಬೇರು ಕೂದಲಿನಷ್ಟು ಸಣ್ಣ, ಮೇಲೆ ಮೇಲೇ ಹರಡಿರುತ್ತದೆ, ಎಳೆಯಬೇಡಿ. ಹಳೆ ಮಣ್ಣು ಉದುರಿಸಿ. 30 ಲೀಟರಿನ ಗ್ರೋ ಬ್ಯಾಗಿನಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪೈನ್ ಮರದ ತೊಗಟೆ ಚೂರು ಬೆರೆಸಿ ನೆಡಿ. ಕೋಕೋಪೀಟನ್ನು ಎರಡು ಮೂರು ಸಲ ತೊಳೆಯಲೇಬೇಕು, ಅದರಲ್ಲಿ ಉಪ್ಪಿರುತ್ತದೆ. ಸೆಗಣಿ ಗೊಬ್ಬರ ಬೇಡ.

ನೀರೇ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆನೀರು ಡ್ರಮ್ಮಿನಲ್ಲಿ ಹಿಡಿದಿಡಿ. ನಾನು ಎರಡು ಡ್ರಮ್ ಇಟ್ಟಿದ್ದೇನೆ, ಅದನ್ನು ಬೇರೆ ಗಿಡಕ್ಕೆ ಮುಟ್ಟಿಸುವುದಿಲ್ಲ. ಮಳೆನೀರು ಮುಗಿದರೆ ಟ್ಯಾಂಕರ್ ನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಚಿಟಿಕೆ ಚಿಟಿಕೆಯಾಗಿ ಹಾಕಿ, ಪಿಎಚ್ ಪಟ್ಟಿ ಅದ್ದಿ ನೋಡಿ, 5ರ ಹತ್ತಿರ ಬಂದರೆ ಸಾಕು. ಹೊಸ ಚಿಗುರು ಬಂದ ಮೇಲೆ ಅಮೋನಿಯಂ ಸಲ್ಫೇಟ್ ಅರ್ಧ ಚಮಚ, ಒಂದೂವರೆ ತಿಂಗಳಿಗೊಮ್ಮೆ. ಹಳದಿಯಾದ ಹಳೆ ಎಲೆ ಮತ್ತೆ ಹಸಿರಾಗದೇ ಇರಬಹುದು. ಚಿಗುರನ್ನು ನೋಡಿ. ಮಾರ್ಚ್‌ನಿಂದ ಮಧ್ಯಾಹ್ನದ ಬಿಸಿಲು ತಪ್ಪಿಸಿ.

ಗಿಡದ ತಳಿ ಯಾವುದು? ನನಗೆ ಮಾರಿದವರು ಹೆಸರೇ ಹೇಳಲಿಲ್ಲ. ಇದನ್ನು ಕೇಳಲೇಬೇಕು. ತಂಪು ದೇಶದ ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗೆ 800 ಗಂಟೆಯಾದರೂ ಬೇಕು. ಪುಣೆಯಲ್ಲಿ ಎಲ್ಲಿಂದ ತರುವುದು? ಕಡಿಮೆ ಚಳಿಗೂ ಹೂ ಬಿಡುವ ಬಿಲಾಕ್ಸಿ ಅಥವಾ ಮಿಸ್ಟಿ ಆದರೆ ನಂಬಿಕೆ ಇಡಬಹುದು. ನನ್ನ ಈಗಿನ ಗಿಡ ಬಿಲಾಕ್ಸಿ.

ಇನ್ನು ಮಗಳ ಪ್ರಶ್ನೆ. ಈ ವರ್ಷ ಹೂ ಬಂದರೆ ಕಿತ್ತುಬಿಡಿ. ಪುಟ್ಟ ಬಿಳಿ ಗಂಟೆಗಳ ಹಾಗಿರುತ್ತವೆ, ಕೀಳಲು ಮನಸ್ಸೇ ಬರುವುದಿಲ್ಲ. ಆದರೆ ಬಳಲಿದ ಗಿಡಕ್ಕೆ ಮೊದಲು ಬೇರು ಬರಲಿ. ಮುಂದಿನ ಸಲ ಹಣ್ಣು ನೀಲಿಯಾದ ಕೂಡಲೇ ಕೀಳಲು ಬಿಡಬೇಡಿ. ತೊಟ್ಟಿನ ಹತ್ತಿರದ ಕೆಂಪು ಹೋಗಲಿ, ಕಿತ್ತ ಮೇಲೆ ಸಿಹಿ ಹೆಚ್ಚುವುದಿಲ್ಲ. ಪಿಕಳಾರ ಹಕ್ಕಿಗೆ ಇದು ನಮಗಿಂತ ಮೊದಲೇ ಗೊತ್ತಾಗುತ್ತದೆ, ಬಲೆ ಕಟ್ಟಿ.

ಅಲ್ಲಿಯವರೆಗೆ ಮೇ ತಿಂಗಳಲ್ಲಿ ಅವಳನ್ನು ಸಿಂಹಗಡಕ್ಕೆ ಕರೆದುಕೊಂಡು ಹೋಗಿ. ಇಲ್ಲಿನವರ ಕರವಂದ, ನಮ್ಮ ಕವಳಿ ಹಣ್ಣು, ಅಲ್ಲಿ ಎಲೆಯ ದೊನ್ನೆಯಲ್ಲಿ ಸಿಗುತ್ತದೆ.