ಕೇಳಿ, ಹೇಳ್ತೇನೆ: ಹೈವೇ ಬಿಟ್ಟು ಸೈಕಲಲ್ಲಿ

ಮಳೆ ಬಿಟ್ಟದ್ದೇ ತಡ, ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಸೈಕಲಿಂದೇ. ನಂಗೆ ಬಹಳ ಖುಷಿಯಾಯ್ತು. ನಮ್ಮ ಕಾಸರಗೋಡು ಕಡೆಯ ಐದು ಪತ್ರ ಆರಿಸಿದ್ದೇನೆ, ಉಳಿದವ್ರಿಗೆ ಮುಂದಿನ ಸಲ ಬರೀತೇನೆ.

ಪ್ರಶ್ನೆ: ನಂಗೆ 56 ವರ್ಷ, ಊರು ಕುಂಬಳೆ. ಕಾಲೇಜು ಬಿಟ್ಟ ಮೇಲೆ ಸೈಕಲ್ ಮುಟ್ಟಿದ್ದೇ ಇಲ್ಲ, ಈಗ ಮಗ ಒಂದು ಗೇರಿನ ಸೈಕಲ್ ತಂದುಕೊಟ್ಟಿದ್ದಾನೆ. ಒಂದು ದಿನದಲ್ಲಿ ನಿಧಾನಕ್ಕೆ ಹೋಗುವಂಥ ದಾರಿ ಯಾವುದುಂಟು? ಹೈವೇಲಿ ಹೋಗ್ಲಿಕ್ಕೆ ಧೈರ್ಯ ಬರುದಿಲ್ಲ.

ಉತ್ತರ: ಹೈವೇ ನಿಮಗೆ ಬೇಡವೇ ಬೇಡ. 66ನೇ ನಂಬ್ರದ ಹೈವೇ ಆರು ಲೇನ್ ಆಗ್ತಾ ಅದು ದೂರ ಹೋಗುವ ಗಾಡಿಗಳ ರಸ್ತೆ ಆಗಿಬಿಟ್ಟಿದೆ, ಊರು ನೋಡ್ಲಿಕ್ಕೆ ಅದ್ರಲ್ಲಿ ಏನೂ ಇಲ್ಲ. ನೀವು ಬೆಳಿಗ್ಗೆ ಆರೂವರೆಗೆಲ್ಲ ಹೊರಟು ಬದಿಯಡ್ಕ ರಸ್ತೆ ಹಿಡೀರಿ, ನಾಯ್ಕಾಪು ದಾಟಿ ಅನಂತಪುರದ ಕಡೆ ತಿರುಗಿ. ಅಲ್ಲಿಗೆ ಏರು ಉಂಟು, ಅದನ್ನು ಮೊದ್ಲೇ ಹೇಳಿಬಿಡ್ತೇನೆ. ನಮ್ಮ ಕಡೆ ಸಮತಟ್ಟು ಅಂದ್ರೆ ಕಡಲಬದಿ ಮಾತ್ರ, ಒಳಗೆ ಹೋದ್ರೆ ಗುಡ್ಡೆ, ಇಳಿದ್ರೆ ಬೈಲು, ಮತ್ತೆ ಗುಡ್ಡೆ. ಏರು ಕಂಡ ಕೂಡ್ಲೇ, ಕಾಲಿಗೆ ಭಾರ ಬೀಳುವ ಮೊದ್ಲೇ ಗೇರ್ ಇಳಿಸಿ, ನಡು ಏರಿನಲ್ಲಿ ಜೋರು ತುಳೀತಾ ಬದಲಾಯಿಸಿದ್ರೆ ಚೈನ್ ಕಟಕಟ ಅಂತದೆ, ಕೆಲವು ಸಲ ತಪ್ಪಿಯೂ ಹೋಗ್ತದೆ. ಆಗುದಿಲ್ಲ ಅಂತ ಕಂಡ್ರೆ ಇಳಿದು ದೂಡಿ, ಅದ್ರಲ್ಲಿ ನಾಚಿಕೆ ಎಂತದ್ದೂ ಇಲ್ಲ, ನಾನು ಇವತ್ತಿಗೂ ದೂಡ್ತೇನೆ.

ಅನಂತಪುರದ ಪದವು ಹತ್ತಿ ನಿಂತ್ರೆ ಸುತ್ತ ಬರೀ ಮುರಕಲ್ಲಿನ, ಅಂದ್ರೆ ಕೆಂಪುಕಲ್ಲಿನ ಬಯಲು, ಅದರ ನಡುವೆ ಕೆರೆ, ಕೆರೆ ನಡುವೆ ದೇವಸ್ಥಾನ. ಬಬಿಯಾ ಅಂತ ಮೊಸಳೆ ಇತ್ತಲ್ಲ, ದೇವರ ನೈವೇದ್ಯ ತಿಂತಾ ವರ್ಷಗಟ್ಲೆ ಅಲ್ಲೇ ಇದ್ದದ್ದು, ಅದು 2022ರ ಅಕ್ಟೋಬರಲ್ಲಿ ತೀರಿಹೋಯ್ತು. ಊರವ್ರು ಅದ್ರ ಸುದ್ದಿ ಹೇಳುವಾಗ ಮನೆಯ ಹಿರಿಯರೊಬ್ರ ಬಗ್ಗೆ ಹೇಳಿದ ಹಾಗೇ ಹೇಳ್ತಾರೆ, ಕೂತು ಕೇಳಿ. ಅಲ್ಲಿಂದ ಸೀತಾಂಗೋಳಿ, ಮತ್ತೆ ವಿದ್ಯಾನಗರಕ್ಕೆ ಹೋಗುವ ರಸ್ತೆಲಿ ಉಳಿಯತ್ತಡ್ಕದವರೆಗೆ ಬಂದು ಮಧೂರಿಗೆ ತಿರುಗಿ. ಈ ಭಾಗದಲ್ಲಿ ಕೆಂಪುಕಲ್ಲು ತುಂಬಿದ ಲಾರಿಗಳು ಬರ್ತಾವೆ, ಹಿಂದಿನಿಂದ ಸದ್ದು ಕೇಳಿದ್ರೆ ರಸ್ತೆ ಬಿಟ್ಟು ಕೆಳಗೆ ಇಳಿದು ನಿಲ್ಲಿ, ನಿಮ್ಮದೇನು ಅರ್ಜೆಂಟ್ ಇಲ್ಲ. ಮಧೂರಲ್ಲಿ ಮಧುವಾಹಿನಿ ಹೊಳೆಗೆ ಕಾಲು ಬಿಟ್ಟು ಕೂತ್ರೆ ಅಷ್ಟು ಹೊತ್ತಿನ ಸುಸ್ತೆಲ್ಲ ಹೋಗ್ತದೆ. ಅಲ್ಲಿನ ದೇವಸ್ಥಾನದ ಆನೆಯ ಬೆನ್ನಿನ ಹಾಗಿರುವ ತಾಮ್ರದ ಮಾಡು ಹೊಳೆಬದಿಯಿಂದ್ಲೇ ನೋಡ್ಬೇಕು, ಸಿಹಿ ಅಪ್ಪದ ಪ್ರಸಾದ ತಕ್ಕೊಳ್ಳದೆ ಬರ್ಬೇಡಿ. ಅಲ್ಲಿಂದ ಕಾಸರಗೋಡಿಗೆ ಏಳೆಂಟು ಕಿಲೋಮೀಟರ್. ಎಲ್ಲ ಸೇರಿ 25ರಿಂದ 30ರ ಒಳಗೆ ಮುಗೀತದೆ. ವಾಪಸ್ ಅದೇ ದಿನ ತುಳೀಲಿಕ್ಕೆ ಹೋಗ್ಬೇಡಿ, ಕಾಸರಗೋಡಿನಲ್ಲಿ ನೆಂಟರ ಮನೆ ಇದ್ರೆ ಸೈಕಲ್ ಅಲ್ಲೇ ಬಿಟ್ಟು ಬಸ್ಸಲ್ಲಿ ಬನ್ನಿ.

ಪ್ರಶ್ನೆ: ಅಟ್ಟದಲ್ಲಿ ಅಜ್ಜನ ಕಾಲದ ಗೇರಿಲ್ಲದ ಸೈಕಲ್ ಉಂಟು, ಅದ್ರಲ್ಲಿ ಹೋಗ್ಬಹುದಾ ಅಥವಾ ಹೊಸದೇ ಬೇಕಾ? (ಮುಳ್ಳೇರಿಯದ ಓದುಗರು)

ಉತ್ತರ: ಧಾರಾಳ ಹೋಗ್ಬಹುದು, ಆದ್ರೆ ಅಟ್ಟದಿಂದ ಇಳಿಸಿದ ದಿನವೇ ಅಲ್ಲ. ಟಯರಿನ ಬದಿಯಲ್ಲಿ ಬಿರುಕು ಉಂಟಾ ನೋಡಿ, ಇದ್ರೆ ಎರಡೂ ಬದಲಿಸಿ. ಚಕ್ರ ಎತ್ತಿ ತಿರುಗಿಸಿ, ಅತ್ತ ಇತ್ತ ಓಲಾಡಿದ್ರೆ ಕಡ್ಡಿ ಬಿಗಿ ಮಾಡಿಸ್ಬೇಕು. ಸೀಟಿನ ಎತ್ತರ ಹೆಚ್ಚಿನವ್ರು ತೀರಾ ಕೆಳಗೆ ಇಡ್ತಾರೆ, ಹಾಗಾಗಿಯೇ ಮೊಣಗಂಟು ನೋವು ಬರುದು. ಪೆಡಲ್ ಕೆಳಗೆ ಇರುವಾಗ ಹಿಮ್ಮಡಿ ಅದರ ಮೇಲಿಟ್ರೆ ಕಾಲು ಪೂರ್ತಿ ನೀಟ ಆಗ್ಬೇಕು, ಅಷ್ಟು ಎತ್ತರ ಇರ್ಲಿ.

ಬ್ರೇಕಿನ ವಿಷಯ ಮಾತ್ರ ಒತ್ತಿ ಹೇಳ್ತೇನೆ. ಹದಿನೈದು ವರ್ಷ ಹಿಂದೆ ನಾನು ಪೈವಳಿಕೆ ಕಡೆಯಿಂದ ಇಳಿಜಾರಿನಲ್ಲಿ ಬರುವಾಗ ಹಿಂದಿನ ಬ್ರೇಕ್ ಕಟ್ಟೆ (ರಿಮ್ಮಿಗೆ ಒತ್ತುವ ರಬ್ಬರ್ ತುಂಡು) ಸವೆದದ್ದು ಗೊತ್ತೇ ಇರ್ಲಿಲ್ಲ, ಸಣ್ಣ ಮಳೆಯೂ ಬಂದಿತ್ತು, ರಿಮ್ಮು ಒದ್ದೆಯಾದ್ರೆ ಹಿಡಿತ ಎಷ್ಟು ಕಮ್ಮಿ ಆಗ್ತದೆ ಅಂತ ಆವತ್ತೇ ಗೊತ್ತಾದದ್ದು, ತಿರುವಿನಲ್ಲಿ ಸೀದಾ ರಸ್ತೆಬದಿಯ ಮಣ್ಣಿನ ಬರೆಗೆ ಹೋಗಿ ಬಡಿದೆ. ಭುಜದ ಮೂಳೆ ಮುರಿದು ಎರಡು ತಿಂಗಳು ಮನೆಯಲ್ಲಿ. ಆದ ಕಾರಣ ಹೊರಡುವ ಮುಂಚೆ ಎರಡೂ ಕಟ್ಟೆ ಮುಟ್ಟಿ ನೋಡಿ. ಇಳಿಜಾರಿನಲ್ಲಿ ಎರಡನ್ನೂ ಒಟ್ಟಿಗೆ, ಬಿಟ್ಟು ಬಿಟ್ಟು ಹಿಡೀರಿ, ಮೊದಲಿಂದ್ಲೇ ನಿಧಾನ ಇರ್ಲಿ.

ಪ್ರಶ್ನೆ: ನಾವು ಇಬ್ರು ಟೀಚರುಗಳು, ಉಪ್ಪಳದವ್ರು. ಶನಿವಾರ ಆದಿತ್ಯವಾರ ಸೈಕಲಲ್ಲಿ ಹೋಗಿ ಒಂದು ರಾತ್ರಿ ಹೊರಗೆ ಉಳಿಯುವ ಆಸೆ. ಹೆಂಗಸ್ರು ಇಬ್ರೇ ಹೋಗುದಾ ಅಂತ ಮನೇಲಿ ಹೆದರ್ತಾರೆ. ಎಂತ ಮಾಡುದು?

ಉತ್ತರ: ಮನೆಯವ್ರ ಹೆದರಿಕೆ ಮಾತಲ್ಲಿ ಹೋಗುದಿಲ್ಲ, ಒಂದು ಸಲ ಹೋಗಿ ಬಂದು ತೋರಿಸಿದ್ರೆ ಹೋಗ್ತದೆ. ಮೊದ್ಲು ಒಂದು ಬೆಳಿಗ್ಗೆ ಮಂಜೇಶ್ವರದ ಕಡೆ ಹೋಗಿ ಬನ್ನಿ, ಕಡಲಬದಿಯ ಒಳರಸ್ತೆ, ಏರು ಕಮ್ಮಿ. ಗೋವಿಂದ ಪೈಗಳ ಮನೆ ಗಿಳಿವಿಂಡು ಅಲ್ಲೇ ಉಂಟು, 1949ರಲ್ಲಿ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಅಂತ ಗೌರವಿಸಿದವ್ರು ಇದೇ ಮಣ್ಣಲ್ಲಿ ಕೂತು ಬರೆದದ್ದು, ಟೀಚರುಗಳು ನೀವು, ಮಕ್ಕಳಿಗೆ ಹೇಳ್ಲಿಕ್ಕೂ ಆಯ್ತು. ಹಾಗೇ ಮುಂದೆ ಕಣ್ವತೀರ್ಥದ ಕಡಲ ಹತ್ರ ಬಿಸಿಲು ಏರುವವರೆಗೆ ಕೂತು ವಾಪಸ್.

ರಾತ್ರಿ ಉಳಿಯುದಾದ್ರೆ ಗೊತ್ತಿದ್ದವ್ರ ಮನೆಯೇ ಆಗ್ಲಿ. ಬದಿಯಡ್ಕ, ನೀರ್ಚಾಲು, ಪೆರ್ಲ ಈ ಕಡೆ ನಿಮ್ಮ ಶಾಲೆಯ ಯಾರಾದ್ರೂ ಸಹೋದ್ಯೋಗಿಯ ತವರು ಇದ್ದೇ ಇರ್ತದೆ, ಒಂದು ವಾರ ಮೊದ್ಲೇ ಫೋನ್ ಮಾಡಿ ಹೇಳಿ, ಬಂದ ಮೇಲೆ ಊಟಕ್ಕೆ ಎಂತ ಮಾಡುದು ಅಂತ ಅವ್ರಿಗೆ ತಲೆಬಿಸಿ ಆಗ್ಬಾರ್ದು. ಐದು ಗಂಟೆಗೆಲ್ಲ ಮನೆ ಸೇರುವ ಹಾಗೆ ನೋಡ್ಕೊಳ್ಳಿ, ಅಡಿಕೆ ತೋಟದ ದಾರಿಯಲ್ಲಿ ಕತ್ತಲೆ ಬೇಗ ಆಗ್ತದೆ. ದಾರಿ ಕೇಳುವಾಗ ಕನ್ನಡ, ತುಳು, ಮಲಯಾಳ ಯಾವುದ್ರಲ್ಲಿ ಕೇಳಿದ್ರೂ ಯಾರೂ ಬೇಜಾರು ಮಾಡುದಿಲ್ಲ, ಸಪ್ತಭಾಷೆಯ ನೆಲ ನಮ್ದು, ಎಷ್ಟೋ ಸಲ ಕನ್ನಡದಲ್ಲಿ ಕೇಳಿ ತುಳುವಿನಲ್ಲಿ ಉತ್ತರ ಸಿಕ್ಕಿ ಬೊಂಡ (ಎಳನೀರು) ಕುಡಿದೇ ಹೊರಟದ್ದುಂಟು.

ಪ್ರಶ್ನೆ: ನನ್ನ ಫ್ರೆಂಡ್ಸ್ ಒಂದು ದಿನದಲ್ಲಿ 100 ಕಿಲೋಮೀಟರ್ ಹೊಡೀತಾರೆ, ನಂಗೆ 30 ಆಗುವಾಗ ಸಾಕಾಗ್ತದೆ. ಸ್ಪೀಡ್ ಹೆಚ್ಚಿಸುದು ಹೇಗೆ? (ಚೆರ್ಕಳದ ಹುಡುಗ)

ಉತ್ತರ: ತಮ್ಮಾ, ನೂರು ಹೊಡೆಯುವವ್ರದ್ದು ತಪ್ಪಲ್ಲ, ಅದು ಬೇರೆ ಆಟ. ನೀನು ಊರು ನೋಡ್ಲಿಕ್ಕೆ ಹೋಗುದಾದ್ರೆ 30 ಧಾರಾಳ ಸಾಕು. ಚೆರ್ಕಳದಿಂದ ಎಡನೀರು, ಬದಿಯಡ್ಕ, ಪೆರ್ಲ ಆಗಿ ಕಲ್ಲಡ್ಕಕ್ಕೆ ಹೋಗುವ ರಸ್ತೆ ನಿನ್ನ ಮನೆ ಎದುರೇ ಹೋಗ್ತದಲ್ಲ, ಅದ್ರಲ್ಲಿ ಎಡನೀರು ಮಠದ ಹತ್ರ ಯಾವತ್ತಾದ್ರೂ ನಿಂತಿದ್ದೀಯಾ? ಸಂವಿಧಾನದ ಮೂಲ ರಚನೆಯನ್ನು ಪಾರ್ಲಿಮೆಂಟೂ ಬದಲಿಸ್ಲಿಕ್ಕೆ ಆಗುದಿಲ್ಲ ಅಂತ 1973ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದೇ ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಕೇಸಿನಲ್ಲಿ. ಮುಂದೆ ಬದಿಯಡ್ಕದ ಪೆರಡಾಲ ಕವಿ ಕಯ್ಯಾರ ಕಿಂಞಣ್ಣ ರೈಗಳ ಊರು, 1915ರಿಂದ 2015ರವರೆಗೆ ನೂರು ವರ್ಷ ತುಂಬಿ ಬಾಳಿದವ್ರು, ಕಾಸರಗೋಡಿನ ಕನ್ನಡಕ್ಕೆ ಹೋರಾಡಿದವ್ರು. ಬರೀ ಒಂದು ರಸ್ತೆಯ ಹದಿನೈದು ಕಿಲೋಮೀಟರಲ್ಲಿ ಇಷ್ಟು ಸಿಗ್ತದೆ, ಸ್ಪೀಡಲ್ಲಿ ಹೋದ್ರೆ ಬೋರ್ಡು ಓದ್ಲಿಕ್ಕೂ ಆಗುದಿಲ್ಲ. ಆದ್ರೂ ಸುಸ್ತು ಕಮ್ಮಿ ಮಾಡ್ಬೇಕಾದ್ರೆ ಟಯರಿಗೆ ಗಾಳಿ ಸರಿ ಹಾಕು, ಹಗುರ ಗೇರಿನಲ್ಲಿ ಕಾಲು ಬೇಗ ಬೇಗ ತಿರುಗಿಸು, ಬಾಯಾರುವ ಮೊದ್ಲೇ ನೀರು ಕುಡಿ.

ಪ್ರಶ್ನೆ: ಪಡ್ರೆ, ಬಾಯಾರು ಕಡೆ ಸುರಂಗಗಳು ಇವೆಯಂತೆ, ಸೈಕಲಲ್ಲಿ ಹೋಗಿ ನೋಡ್ಬಹುದಾ? (ಕಾಸರಗೋಡಿನ ಓದುಗರು)

ಉತ್ತರ: ಖಂಡಿತ ನೋಡ್ಬೇಕಾದ್ದೇ. ಸುರಂಗ ಅಂದ್ರೆ ನೀರಿಗಾಗಿ ಮುರಕಲ್ಲಿನ ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದದ್ದು, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲ, ಒಳಗೆ ಒಸರು ಸಿಕ್ಕಿದ್ರೆ ನೀರು ತನ್ನಷ್ಟಕ್ಕೇ ಹೊರಗೆ ಹರ್ಕೊಂಡು ಬರ್ತದೆ, ಪಂಪು ಬೇಡ, ಕರೆಂಟು ಬೇಡ. ಕೊರೆಯುವವ್ರು ದೀಪ ಹಚ್ಚಿಟ್ಟು ಕೆಲ್ಸ ಮಾಡುದು, ದೀಪ ನಂದಿದ್ರೆ ಉಸಿರಾಡ್ಲಿಕ್ಕೆ ಗಾಳಿ ಇಲ್ಲ ಅಂತ ಕೂಡ್ಲೇ ಹೊರಗೆ ಬರ್ತಿದ್ರು. ನವೆಂಬರ್ ಡಿಸೆಂಬರಲ್ಲಿ ಹೋದ್ರೆ ತೋಡುಗಳಿಗೆ ಕಟ್ಟ (ನೀರು ನಿಲ್ಲಿಸುವ ಒಡ್ಡು) ಹಾಕುದೂ ನೋಡ್ಲಿಕ್ಕೆ ಸಿಕ್ಕೀತು, ಅಂಗಳಗಳಲ್ಲಿ ಅಡಿಕೆ ಒಣಗ್ಲಿಕ್ಕೆ ಹರಡಿರ್ತಾರೆ, ಅದ್ರ ಮೇಲೆ ಸೈಕಲ್ ಹತ್ತಿಸ್ಬೇಡಿ. ಪೆರ್ಲದವರೆಗೆ ಬಸ್ಸಲ್ಲಿ ಬಂದು ಅಲ್ಲಿ ಯಾರದ್ದಾದ್ರೂ ಸೈಕಲ್ ತಕ್ಕೊಂಡ್ರೆ ಸುಲಭ, ಪೊಸಡಿಗುಂಪೆ ಕಡೆಯ ಏರು ಮೊದಲ ದಿನಕ್ಕೆ ಬೇಡ. ಸುರಂಗ ಇರುದು ಮನೆಗಳ ತೋಟದಲ್ಲಿ, ಅವ್ರು ಕುಡಿಯುವ ನೀರು ಅದೇ, ಆದ ಕಾರಣ ಗೇಟಿನ ಹೊರಗೆ ಸೈಕಲ್ ನಿಲ್ಲಿಸಿ ಮನೆಯವ್ರನ್ನು ಕರೆದು ಕೇಳಿ, ಅವ್ರು ಬಾ ಅಂದ್ರೆ ಚಪ್ಪಲಿ ಕಳಚಿ ಬಾಯಿಯ ಹತ್ರ ನಿಂತು ನೋಡಿ, ಒಳಗೆ ಹೋಗ್ಬೇಡಿ.