ಹೊಲಿಗೆಯೋ, ಮೂಳೆಯೋ?

ಪ್ರಶ್ನೆ: ನನಗೆ 19 ವರ್ಷ, ಸ್ಪರ್ಧೆಗಳಲ್ಲಿ ಕುಸ್ತಿ ಮಾಡುತ್ತೇನೆ. ಎರಡು ವರ್ಷದಲ್ಲಿ ಬಲಭುಜ ನಾಲ್ಕು ಸಲ ಕಳಚಿದೆ. ಕಳೆದ ಸಲವಂತೂ ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗಲೇ ಜಾರಿತು. ಒಬ್ಬ ಡಾಕ್ಟರು ಸಣ್ಣ ತೂತು ಮಾಡಿ ಕೀಹೋಲ್‌ನಲ್ಲಿ ಹೊಲಿದರೆ ಸಾಕು ಎನ್ನುತ್ತಾರೆ, ಇನ್ನೊಬ್ಬರು ಮೂಳೆ ಕತ್ತರಿಸಿ ಕೂರಿಸಬೇಕು ಎನ್ನುತ್ತಾರೆ. ಯಾವುದನ್ನು ಮಾಡಿಸಿದರೆ ಬೇಗ ಮ್ಯಾಟಿಗೆ ಮರಳಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಅಡಿಗೆರೆ ಎಳೆದದ್ದು ಒಂದೇ ಮಾತಿಗೆ: ನಿದ್ದೆಯಲ್ಲಿ ಜಾರಿತು. ಮೊದಲ ಸಲ ಆ ಭುಜ ಕಳಚಲು ಎದುರಾಳಿಯ ಇಡೀ ಭಾರ ಬೇಕಾಗಿತ್ತು. ಈಗ ಹೊದಿಕೆ ಎಳೆದುಕೊಂಡರೂ ಸಾಕು. ಇಷ್ಟು ಸಲೀಸಾಗಿ ಜಾರುವ ಭುಜದಲ್ಲಿ ಮೂಳೆ ಸವೆದಿರುವ ಸಂಭವ ಹೆಚ್ಚು. ನಿಮ್ಮ ಇಬ್ಬರು ಡಾಕ್ಟರ ಭಿನ್ನಾಭಿಪ್ರಾಯದ ಬುಡವೂ ಅಲ್ಲೇ ಇದೆ.

ತೋಳಿನ ಗುಂಡು ಕೂರುವ ಜಾಗವನ್ನು ಬಟ್ಟಲು ಎನ್ನುವುದು ವಾಡಿಕೆ. ನೋಡಿದರೆ ಅದು ಬರೀ ತಟ್ಟೆ. ಲೇಬ್ರಮ್ ಎಂಬ ಮೃದುವಾದ ಅಂಚು ಸುತ್ತಲೂ ಕಟ್ಟಿರುವುದರಿಂದ ಒಂದಿಷ್ಟು ಆಳ ಬಂದಿದೆ. ಗುಂಡು ಮುಂದಕ್ಕೆ ಜಾರಿದಾಗ ಆ ಅಂಚು ಕಿತ್ತುಬರುತ್ತದೆ. ಬ್ರಿಟನ್ನಿನ ಸರ್ಜನ್ ಬ್ಯಾಂಕಾರ್ಟ್ 1923ರಲ್ಲೇ ಇದನ್ನು ಬೊಟ್ಟುಮಾಡಿ ತೋರಿಸಿದರು. ಅದನ್ನು ಹೊಲಿಯುವ ಕೆಲಸಕ್ಕೆ ಇಂದಿಗೂ ಅವರದೇ ಹೆಸರು. ಆದರೆ ಪ್ರತಿ ಸಲ ಜಾರಿದಾಗಲೂ ತಟ್ಟೆಯ ಮುಂದಿನ ಮೂಳೆ ಒಂದಷ್ಟು ಹೋಗುತ್ತದೆ, ಗುಂಡಿನ ಹಿಂಬದಿಗೆ ತಗ್ಗು ಬೀಳುತ್ತದೆ. ದಡವೇ ಕುಸಿದಮೇಲೆ ಬೇಲಿ ಎಲ್ಲಿ ನೆಡುವುದು?

2000ದಲ್ಲಿ ಬರ್ಕ್‌ಹಾರ್ಟ್ ಮತ್ತು ಡಿ ಬೀರ್ ಎಂಬ ಸರ್ಜನ್‌ಗಳು ಕೀಹೋಲ್‌ನಲ್ಲಿ ಹೊಲಿದ 194 ಭುಜಗಳ ಲೆಕ್ಕ ಕೊಟ್ಟರು. ಮೈಗೆ ಮೈ ತಾಗುವ ಆಟದವರಲ್ಲಿ, ಮೂಳೆ ಗಟ್ಟಿಯಿದ್ದವರಿಗೆ ತೊಂದರೆ ಮರುಕಳಿಸಿದ್ದು ಶೇ. 6.5. ಮೂಳೆ ಹೆಚ್ಚು ಸವೆದಿದ್ದವರಿಗೆ ಶೇ. 89. ಹೊಲಿಗೆ ಅದೇ, ಆಟವೂ ಅದೇ.

ಇದನ್ನು ಓದಿ ಬಾಯಿಪಾಠ ಮಾಡಿಕೊಂಡ ಮೇಲೂ ನಾನು ಎಡವಿದ್ದೇನೆ. ರಗ್ಬಿ ಆಡುವ ಹುಡುಗನೊಬ್ಬ, ನಿಮ್ಮದೇ ವಯಸ್ಸು. ಎಂಆರ್‌ಐನಲ್ಲಿ ಲೇಬ್ರಮ್ ಕಿತ್ತಿದ್ದು ಸ್ಪಷ್ಟವಾಗಿತ್ತು, ಮೂಳೆ ಅಳೆಯುವ ಸಿಟಿ ಸ್ಕ್ಯಾನ್ ಯಾಕೆ ಬೇಕು ಅಂದುಕೊಂಡೆ. ಮೂಳೆಗೆ ದಾರ ಹಿಡಿಸುವ ನಾಲ್ಕು ಆ್ಯಂಕರ್ ಹಾಕಿ ಚೆಂದವಾಗಿ ಹೊಲಿದೆ. ಆರು ತಿಂಗಳಿಗೆ ಅಂಗಳಕ್ಕಿಳಿದ, ಮೂರನೇ ಪಂದ್ಯದಲ್ಲಿ ಟ್ಯಾಕಲ್ ಮಾಡುತ್ತ ಕೈ ಹಿಡಿದುಕೊಂಡು ಕೂತ. ಆಮೇಲೆ ಮಾಡಿಸಿದ ಸಿಟಿಯಲ್ಲಿ ತಟ್ಟೆಯ ಕಾಲುಭಾಗವೇ ಇರಲಿಲ್ಲ. ಎರಡನೆಯ ಆಪರೇಷನ್ ಆದಮೇಲೆ ಭುಜ ನಿಂತಿತು, ಆದರೆ ತೋಳು ಹೊರಕ್ಕೆ ಮೊದಲಿನಷ್ಟು ತಿರುಗುವುದಿಲ್ಲ. ಮೊದಲನೆಯದರ ಫೋಟೊ ಈಗಲೂ ನನ್ನ ಹತ್ತಿರ ಇದೆ. ಹೊಲಿಗೆಯಲ್ಲಿ ಒಂದು ತಪ್ಪೂ ಇಲ್ಲ.

ಆ ಎರಡನೆಯದೇ ನಿಮಗೆ ಹೇಳಿರುವ ಮೂಳೆಯ ಆಪರೇಷನ್. ಫ್ರಾನ್ಸಿನ ಲಟಾರ್ಜೆ 1954ರಲ್ಲಿ ವಿವರಿಸಿದ್ದು. ಭುಜದ ಮುಂದೆ ಕೊಕ್ಕಿನ ಹಾಗೆ ಚಾಚಿರುವ ಮೂಳೆಯ ತುದಿಯನ್ನು ಅದಕ್ಕಂಟಿದ ಸ್ನಾಯುರಜ್ಜು ಸಮೇತ ಕತ್ತರಿಸಿ, ಸವೆದ ಅಂಚಿಗೆ ಸ್ಕ್ರೂ ಹಾಕಿ ಕೂರಿಸುತ್ತಾರೆ. ತಟ್ಟೆ ಅಗಲವಾಗುತ್ತದೆ, ಕೈ ಎತ್ತಿ ತಿರುಗಿಸಿದಾಗ ಆ ರಜ್ಜು ಗುಂಡಿಗೆ ಅಡ್ಡಪಟ್ಟಿಯಾಗುತ್ತದೆ. ನಿಮ್ಮಂಥ ಆಟದವರಲ್ಲಿ ಮತ್ತೆ ಜಾರುವುದು ಇದರಲ್ಲೇ ಕಡಿಮೆ. ಪುಕ್ಕಟೆಯಾಗೇನೂ ಬರುವುದಿಲ್ಲ: ಪಕ್ಕದಲ್ಲೇ ಮುಖ್ಯ ನರಗಳಿವೆ, ಮೂಳೆ ಕೂಡದೆ ಹೋಗಬಹುದು, ಸ್ಕ್ರೂ ಕಾಟ ಕೊಡಬಹುದು.

ಈಗ ನಿಮ್ಮ ಲೆಕ್ಕ. ಹೊಲಿದಮೇಲೂ ಭುಜ ಮತ್ತೆ ಜಾರುವ ಸಂಭವ ಎಷ್ಟೆಂದು ಅಳೆಯಲು 2007ರಲ್ಲಿ ಬಾಲ್ಗ್ ಮತ್ತು ಬ್ವಾಲೊ ಎಂಬ ಸರ್ಜನ್‌ಗಳು ಹತ್ತು ಅಂಕಗಳ ಪಟ್ಟಿಯೊಂದನ್ನು ಮಾಡಿದರು. ವಯಸ್ಸು 20 ದಾಟಿಲ್ಲ, 2. ಸ್ಪರ್ಧೆಯ ಮಟ್ಟದ ಆಟ, 2. ಮೈ ತಾಗುವ ಆಟ, 1. ಎಕ್ಸ್‌ರೇ ತೆಗೆಯುವ ಮೊದಲೇ ನಿಮ್ಮದು ಐದು. ಗುಂಡಿನ ತಗ್ಗೋ ತಟ್ಟೆಯ ಸವೆತವೋ ಎಕ್ಸ್‌ರೇಯಲ್ಲಿ ಕಂಡರೆ ಒಂದೊಂದಕ್ಕೂ ಇನ್ನೆರಡು. ಆರು ದಾಟಿದವರಲ್ಲಿ ಬರೀ ಹೊಲಿಗೆ ಶೇ. 70ರಷ್ಟು ಸೋತಿತ್ತು. ಹಾಗಾಗಿ ಮೊದಲು ಸಿಟಿ ಮಾಡಿಸಿ, ಸವೆತ ಶೇಕಡಾ ಎಷ್ಟೆಂದು ಬರೆಸಿಕೊಳ್ಳಿ. 20-25 ಆದರೆ ಮೂಳೆಯೇ ಸರಿ ಎಂಬುದು ಹಳೆಯ ಗೆರೆ. ಮ್ಯಾಟಿಗೆ ಮರಳುವವರಿಗೆ ನಾನು 13-14ರಲ್ಲೇ ಆ ಮಾತೆತ್ತುತ್ತೇನೆ. ಸವೆತ ಕಡಿಮೆ, ಗುಂಡಿನ ತಗ್ಗು ದೊಡ್ಡದು ಎಂದಾದರೆ ಆ ತಗ್ಗಿಗೆ ಸ್ನಾಯುರಜ್ಜು ತುಂಬಿ ಹೊಲಿಯುವ ನಡುದಾರಿಯೂ ಇದೆ.

‘ಬೇಗ’ ಎಂಬ ಮಾತಿಗೆ: ಎರಡರಲ್ಲೂ ಹೆಚ್ಚುಕಡಿಮೆ ಅರ್ಧ ವರ್ಷ ಹಿಡಿಯಿರಿ. ಮೂಳೆಯದಾದರೆ ಕೊಂಚ ಮೊದಲೇ ಬಿಡುವುದುಂಟು, ಅದೂ ಮೂಳೆ ಕೂಡಿದೆ ಎಂದು ಸ್ಕ್ಯಾನ್‌ನಲ್ಲಿ ಕಂಡಮೇಲೆ. ‘ಯಶಸ್ಸು ಶೇಕಡಾ ಇಷ್ಟು’ ಎಂದು ಯಾರಾದರೂ ಹೇಳಿದರೆ, ಏನನ್ನು ಎಣಿಸಿದಿರಿ ಎಂದು ಕೇಳಿ. ಹೆದರಿ ಕುಸ್ತಿ ಬಿಟ್ಟವನ ಭುಜವೂ ಮತ್ತೆ ಜಾರುವುದಿಲ್ಲ. ಆ ಎಣಿಕೆಯಲ್ಲಿ ಅವನೂ ಯಶಸ್ಸೇ. ಎಷ್ಟು ಜನ ಹಳೆಯ ಮಟ್ಟದಲ್ಲೇ ಆಡಿದರು, ಎಷ್ಟು ವರ್ಷ ಅವರನ್ನು ಗಮನಿಸಿದಿರಿ ಎಂದೂ ಕೇಳಿ. ಎರಡು ವರ್ಷ ಸುಮ್ಮನಿದ್ದು ಮೂರನೆಯದರಲ್ಲಿ ಜಾರಿದ ಭುಜಗಳನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನಾನು ಕೋಚ್. 17ರ ಶಿಷ್ಯನಿಗೆ ಮೊದಲ ಬಾರಿ ಭುಜ ಕಳಚಿದೆ. ಬ್ರೇಸ್ ಹಾಕಿ ಈ ಸೀಸನ್ ಮುಗಿಸಬಹುದೇ ಸರ್?

ಉತ್ತರ: ಕೆಲವರು ಮುಗಿಸುತ್ತಾರೆ. ಬ್ರೇಸ್ ಕೈ ಮೇಲೇಳದಂತೆ ತಡೆಯುತ್ತದೆ, ಕಿತ್ತದ್ದನ್ನು ಕೂಡಿಸುವುದಿಲ್ಲ. ನೋವು ಹೋಗಿ, ಎರಡೂ ತೋಳುಗಳ ಬಲ ಸಮವಾಗುವ ತನಕ ಇಳಿಸಬೇಡಿ. ಇನ್ನೊಮ್ಮೆ ಜಾರಿದರೆ ಸೀಸನ್ ಅಲ್ಲಿಗೆ ನಿಲ್ಲಿಸುತ್ತೇವೆಂದು ಅವನಿಗೂ ಮನೆಯವರಿಗೂ ಈಗಲೇ ಹೇಳಿಡಿ. ಫೈನಲ್ ದಿನ ಹೇಳಿದರೆ ಯಾರೂ ಕೇಳುವುದಿಲ್ಲ.