ಕೆಮಿಕಲ್ ಎಂಜಿನಿಯರಿಂಗ್‌ಗೆ 12 ಲಕ್ಷ ಸಾಲ ಮಾಡಬಹುದಾ?

ಪ್ರಶ್ನೆ: ಮಗಳಿಗೆ ಕೆಮಿಕಲ್ ಎಂಜಿನಿಯರಿಂಗ್ ಓದಬೇಕು ಅಂತ ಆಸೆ. ಸಿಇಟಿಯಲ್ಲಿ ದಾವಣಗೆರೆ ಕಡೆ ಸೀಟು ಸಿಗುತ್ತದೆ, ಅದಕ್ಕೆ 4 ಲಕ್ಷ ಸಾಲ ಸಾಕು. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ತಗೊಂಡರೆ 12 ಲಕ್ಷ ಸಾಲ ಬೇಕು, ಬ್ಯಾಂಕಿನವರು ಸೈಟಿನ ಪತ್ರ ಕೇಳುತ್ತಿದ್ದಾರೆ. ಎರಡು ವರ್ಷದ ಸಂಬಳದಲ್ಲಿ ಸಾಲ ತೀರುತ್ತೆ ಅಂತ ಸೀಟು ಮಾಡಿಸಿಕೊಡುವವರು ಹೇಳುತ್ತಾರೆ. ಏನು ಮಾಡೋದು?
– ರಾಣೆಬೆನ್ನೂರಿನ ಓದುಗರು

ಉತ್ತರ: ಸಿಇಟಿ ಸೀಟೇ ತಗೊಳ್ಳಿ. ಎರಡು ವರ್ಷದ ಮಾತು ನಿಜವಲ್ಲ, ಲೆಕ್ಕ ಹಾಕಿ ನೋಡೋಣ.

ವರ್ಷಕ್ಕೆ 3 ಲಕ್ಷದಂತೆ ನಾಲ್ಕು ಸಲ ಸಾಲ ಎತ್ತುತ್ತೀರಿ, ಬಡ್ಡಿ ಶೇ 10 ಅಂತಿಟ್ಟುಕೊಳ್ಳಿ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಮಾತ್ರ ಸುಮ್ನೆ ಕೂತಿರುವುದಿಲ್ಲ, ಆ ಐದು ವರ್ಷದಲ್ಲಿ ಸರಳ ಬಡ್ಡಿಯೇ 4.2 ಲಕ್ಷ ಆಗುತ್ತದೆ. ಅಂದರೆ ಮಗಳು ಮೊದಲ ಕಂತು ಕಟ್ಟುವ ದಿನ ಸಾಲ 12 ಲಕ್ಷ ಅಲ್ಲ, 16.2 ಲಕ್ಷ. ಹತ್ತು ವರ್ಷದ ಅವಧಿಗೆ ತಿಂಗಳಿಗೆ ಸುಮಾರು 21,400 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದರೆ 17,400ಕ್ಕೆ ಇಳಿಯುತ್ತದೆ, ಆದರೆ ಆಗ ಒಟ್ಟು ಕಟ್ಟುವುದು 31 ಲಕ್ಷ ದಾಟುತ್ತದೆ.

ಈಗ ಸಂಬಳದ ಕಡೆ ಬನ್ನಿ. ಮಧ್ಯಮ ಗಾತ್ರದ ಔಷಧಿ ಅಥವಾ ರಾಸಾಯನಿಕ ಕಾರ್ಖಾನೆಯಲ್ಲಿ ಹೊಸಬರಿಗೆ ವರ್ಷಕ್ಕೆ 4 ಲಕ್ಷ ಅಂದರೆ ಅದು ಕೆಟ್ಟ ಸಂಬಳ ಏನಲ್ಲ. ಅದರಲ್ಲಿ ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿಸಿ ಹೇಳಿರುತ್ತಾರೆ, ಹಾಗಾಗಿ ಕೈಗೆ ಬರೋದು 27–28 ಸಾವಿರ. ಕಂತು ಕಟ್ಟಿದ ಮೇಲೆ ಆರು ಸಾವಿರ ಉಳಿಯುತ್ತದೆ. ಬೇರೆ ಊರಿನಲ್ಲಿ ರೂಮು ಮಾಡಿಕೊಂಡು ಆ ದುಡ್ಡಲ್ಲಿ ಬದುಕೋದು ಹೇಗೆ, ನೀವೇ ಹೇಳಿ. ಅದೇ ಸಿಇಟಿ ಸೀಟಿನ 4 ಲಕ್ಷ ಸಾಲಕ್ಕೆ ಇದೇ ಲೆಕ್ಕದಲ್ಲಿ ಹತ್ತು ವರ್ಷದ ಕಂತು ಸುಮಾರು 7,100. ಇದು ತಡೆಯಬಹುದಾದ ಭಾರ.

ಕೆಮಿಕಲ್‌ಗೆ ಕೆಲಸವೇ ಇಲ್ಲ ಅಂತ ಹೆದರಿಸುವವರ ಮಾತು ಕೇಳಬೇಡಿ. ಮಂಗಳೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ, ಪಣಂಬೂರಿನ ಗೊಬ್ಬರ ಕಾರ್ಖಾನೆ, ಬೈಕಂಪಾಡಿ ಮತ್ತು ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶಗಳು, ಬೆಳಗಾವಿ–ಬಾಗಲಕೋಟೆಯ ಸಕ್ಕರೆ ಮತ್ತು ಎಥನಾಲ್ ಘಟಕಗಳು, ಹೊರಗೆ ಹೋದರೆ ಹೈದರಾಬಾದ್, ಗುಜರಾತಿನ ವಾಪಿ, ಅಂಕಲೇಶ್ವರ, ದಹೇಜ್. ಕೆಲಸ ಇದೆ. ಆದರೆ ಈ ಕ್ಷೇತ್ರದ ಸಂಬಳ ನಿಧಾನಕ್ಕೆ ಏರುತ್ತದೆ. ಮೊದಲ ಎರಡು ಮೂರು ವರ್ಷ ಶಿಫ್ಟ್‌ನಲ್ಲಿ ನಿಂತು ಪ್ಲಾಂಟ್ ಅಂದರೇನು ಅಂತ ಕಲಿಯಬೇಕು, ಪಂಪು ಯಾಕೆ ಕೈ ಕೊಡ್ತು, ರಿಯಾಕ್ಟರಿನ ಉಷ್ಣತೆ ಏಕೆ ಏರುತ್ತಿದೆ, ಯಾವ ವಾಲ್ವ್ ಮೊದಲು ಮುಚ್ಚಬೇಕು ಅನ್ನೋದೆಲ್ಲ ಕೈಗೆ ಹತ್ತಿದ ಮೇಲೇ ಒಳ್ಳೆಯ ಕಂಪನಿಗಳು ಕರೆಯುತ್ತವೆ. ಬ್ಯಾಂಕಿನ ಕಂತು ಮೊದಲ ತಿಂಗಳಿಂದಲೇ ಪೂರ್ತಿ ಬೇಕು. ಕಡಿಮೆ ಸಂಬಳದ ಕಾಲ ಮತ್ತು ಕಂತು ಶುರುವಾಗುವ ಕಾಲ ಎರಡೂ ಒಂದೇ, ನನ್ನ ಚಿಂತೆ ಇದೇ.

ಇನ್ನೊಂದು ವಿಷಯ. ದೊಡ್ಡ ಸಾಲ ಇದ್ದವರಿಗೆ ಆಯ್ಕೆಗಳು ಮುಚ್ಚುತ್ತವೆ. ಗೇಟ್ (ಎಂಜಿನಿಯರಿಂಗ್ ಓದಿದವರಿಗೆ ನಡೆಯುವ ರಾಷ್ಟ್ರಮಟ್ಟದ ಪರೀಕ್ಷೆ) ಬರೆದು ಇಂಡಿಯನ್ ಆಯಿಲ್‌ನಂಥ ಸಾರ್ವಜನಿಕ ಸಂಸ್ಥೆಗೆ ಪ್ರಯತ್ನ ಮಾಡಬಹುದು, ಅಲ್ಲಿ ಅಧಿಕಾರಿಯ ಮೂಲ ವೇತನವೇ 50,000ದಿಂದ ಶುರು. ಆದರೆ ಹುದ್ದೆಗಳು ತುಂಬಾ ಕಡಿಮೆ, ಎಲ್ಲ ವರ್ಷ ಎಲ್ಲ ಕಂಪನಿ ಗೇಟ್ ಅಂಕ ನೋಡುವುದಿಲ್ಲ. ಅಥವಾ ಎಂಟೆಕ್ ಮಾಡಬಹುದು, ಗೇಟ್ ಇದ್ದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ. ಇದಕ್ಕೆಲ್ಲ ಒಂದೆರಡು ವರ್ಷ ಬಿಡುವು ಬೇಕಲ್ವಾ? 21 ಸಾವಿರ ಕಂತು ಹೊತ್ತ ಹುಡುಗಿಗೆ ಆ ಬಿಡುವು ಎಲ್ಲಿಂದ ಬರಬೇಕು?

ಕಾಲೇಜಿನವರು ಹೆಚ್ಚಿನ ಪ್ಯಾಕೇಜ್ ತೋರಿಸಿದರೆ ನಂಬಿ ಕೂರಬೇಡಿ. ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ಗೆ ಕೊಟ್ಟ ಮಾಹಿತಿ ಕಾಲೇಜಿನ ವೆಬ್‌ಸೈಟಿನಲ್ಲಿ ಇರುತ್ತದೆ, ಅದರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಮಧ್ಯದ ಸಂಬಳ (ಮೀಡಿಯನ್, ಅಂದರೆ ಅರ್ಧ ಜನಕ್ಕೆ ಅದಕ್ಕಿಂತ ಹೆಚ್ಚು, ಅರ್ಧ ಜನಕ್ಕೆ ಕಡಿಮೆ) ಎಷ್ಟು ಅಂತ ಬರೆದಿರುತ್ತಾರೆ. ಅಲ್ಲಿ ಎಲ್ಲ ಬ್ರಾಂಚ್ ಒಟ್ಟಿಗೆ ಇರುತ್ತದೆ, ಕಂಪ್ಯೂಟರ್ ಸೈನ್ಸ್‌ನವರ ಸಂಬಳವೂ ಸೇರಿರುತ್ತದೆ. ಹಾಗಾಗಿ ನೇರ ಕೆಮಿಕಲ್ ವಿಭಾಗಕ್ಕೆ ಹೋಗಿ ಹೋದ ವರ್ಷದ ಹುಡುಗರು ಎಲ್ಲಿ ಸೇರಿದರು ಅಂತ ಕೇಳಿ. ಉತ್ತರ ಕೊಡಲು ತಡವರಿಸಿದರೆ ಅದೇ ಉತ್ತರ.

ಸಿಇಟಿ ಸೀಟಿಗೆ ಅನುಕೂಲಗಳೂ ಜಾಸ್ತಿ. 4 ಲಕ್ಷದವರೆಗೆ ಬ್ಯಾಂಕುಗಳ ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ ಅಡಮಾನ ಬೇಕಿಲ್ಲ, ನಿಮ್ಮ ಸೈಟು ನಿಮ್ಮದಾಗಿಯೇ ಉಳಿಯುತ್ತದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗೆ ಇದ್ದು ಕಾಲೇಜು ಅಥವಾ ಕೋರ್ಸಿಗೆ ನ್ಯಾಕ್ ಇಲ್ಲವೇ ಎನ್‌ಬಿಎ ಮಾನ್ಯತೆ ಇದ್ದರೆ ಓದುವ ಕಾಲದ ಬಡ್ಡಿಗೆ ಕೇಂದ್ರದ ಸಹಾಯಧನ ಇದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಕೇಂದ್ರದ ಶಿಕ್ಷಣ ಸಾಲದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಆಯ್ದ ಕಾಲೇಜುಗಳಿಗೆ ಮಾತ್ರ, ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಅದು ಸಿಗುವುದಿಲ್ಲ. ಹಿಂದುಳಿದ ವರ್ಗ ಅಥವಾ ಅಲ್ಪಸಂಖ್ಯಾತರಾಗಿದ್ದರೆ ರಾಜ್ಯದ ಆಯಾ ಅಭಿವೃದ್ಧಿ ನಿಗಮದ 'ಅರಿವು' ಶಿಕ್ಷಣ ಸಾಲದ ಬಗ್ಗೆ ಇವತ್ತೇ ವಿಚಾರಿಸಿ, ಅದರ ಬಡ್ಡಿ ಬ್ಯಾಂಕಿಗಿಂತ ತುಂಬಾ ಕಡಿಮೆ.

ಪ್ರಶ್ನೆ: ಕೆಮಿಕಲ್ ಕೊನೆಯ ವರ್ಷದಲ್ಲಿದ್ದೇನೆ, 5 ಲಕ್ಷ ಸಾಲ ಇದೆ. ಬೆಂಗಳೂರಿನ ಐಟಿ ಕಂಪನಿ 3.6 ಲಕ್ಷ ಕೊಡುತ್ತದೆ, ದಹೇಜ್‌ನ ಪ್ಲಾಂಟ್ 3.4 ಲಕ್ಷ. ಅಮ್ಮ ಬೆಂಗಳೂರೇ ಸಾಕು ಅಂತಾರೆ. ಯಾವುದು?
– ತುಮಕೂರಿನ ವಿದ್ಯಾರ್ಥಿ

ಉತ್ತರ: ಪ್ಲಾಂಟ್ ಕೆಲಸ ಇಷ್ಟ ಇದ್ದರೆ ದಹೇಜ್‌ಗೆ ಹೋಗಿ. 20 ಸಾವಿರದ ವ್ಯತ್ಯಾಸ ನೋಡಬೇಡಿ, ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತೆ ನೋಡಿ. ಕ್ಯಾಂಟೀನ್, ಬಸ್, ಉಳಿದುಕೊಳ್ಳುವ ವ್ಯವಸ್ಥೆ ಕಂಪನಿಯೇ ಕೊಡುತ್ತದಾ ಅಂತ ಮೊದಲು ಕೇಳಿ. ಕೊಟ್ಟರೆ ಬೆಂಗಳೂರಿನ ಬಾಡಿಗೆ ಕಟ್ಟುವುದಕ್ಕಿಂತ ಅಲ್ಲೇ ಜಾಸ್ತಿ ಉಳಿಯುತ್ತದೆ. ಎರಡು ಮೂರು ವರ್ಷ ಐಟಿಯಲ್ಲಿ ಕಳೆದ ಮೇಲೆ ಪ್ಲಾಂಟಿಗೆ ವಾಪಸ್ ಬರೋದು ಕಷ್ಟ, ಅಲ್ಲಿ ಆಗ ಹೊಸಬರನ್ನೇ ಕೇಳುತ್ತಾರೆ. ಬಾಂಡ್ ಎಷ್ಟು ವರ್ಷ, ಸುರಕ್ಷತಾ ತರಬೇತಿ ಎಷ್ಟು ದಿನ ಅನ್ನುವುದನ್ನು ಸಹಿ ಹಾಕುವ ಮುಂಚೆ ತಿಳಿದುಕೊಳ್ಳಿ. ತರಬೇತಿ ಕೊಡದೆ ನೇರ ಶಿಫ್ಟಿಗೆ ಹಾಕುವ ಕಡೆ ಎಷ್ಟು ಸಂಬಳ ಕೊಟ್ಟರೂ ಹೋಗಬೇಡಿ. ಅಮ್ಮನಿಗೂ ಈ ವಿವರ ಹೇಳಿ, ಅವರ ಆತಂಕ ಸುಳ್ಳಲ್ಲ.

ಸಾಲದ ವಿಷಯಕ್ಕೆ ಬಂದರೆ, ಕೆಲಸ ಸಿಕ್ಕ ಮೊದಲ ತಿಂಗಳಿಂದಲೇ ಬಡ್ಡಿಯಷ್ಟಾದರೂ ಕಟ್ಟಿ, ಕಂತು ಶುರುವಾಗಲಿ ಅಂತ ಕಾಯಬೇಡಿ. ಓದುವಾಗಲೇ ಬಡ್ಡಿ ಕಟ್ಟಿಕೊಂಡು ಬಂದವರಿಗೆ ಮಾದರಿ ಯೋಜನೆಯಲ್ಲಿ ಶೇ 1ರ ರಿಯಾಯಿತಿ ಇದೆ, ನಿಮಗೆ ಅನ್ವಯಿಸುತ್ತದಾ ಅಂತ ನಿಮ್ಮ ಶಾಖೆಯಲ್ಲಿ ಕೇಳಿ. ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ನಿಮ್ಮ ಈಗಿನ ಸಂಬಳಕ್ಕೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.